ಜಾಲಲೇಖಗಳಲ್ಲಿ ಪೂರ್ವಚರಿತ್ರೆಯ ಕಥನ

೧

ಹಿಂದೆ ನಡೆದುಹೋದ ವೃತ್ತಾಂತವನ್ನು ಈಗಲೇ ನಡೆಯುತ್ತಿರುವಂತೆ ಭಾವಿಸಿ, ಆ ಕಾಲದ ವ್ಯಕ್ತಿಗಳೇ ದಿನದಿನವೂ ಬರೆದು ಲೋಕಕ್ಕೆ ತಿಳಿಸುತ್ತಿರುವಂತೆ ಸಾಮಾಜಿಕ ಜಾಲತಾಣಗಳಲ್ಲಿ ತುಣುಕುತುಣುಕಾಗಿ ಪ್ರಕಟಿಸುವ ಪದ್ಧತಿಯೊಂದು ಈಚಿನ ಒಂದೆರಡು ದಶಕಗಳಲ್ಲಿ ರೂಢಿಗೆ ಬಂದಿದೆ. ಈ ತುಣುಕುಗಳಿಗೆ ವ್ಯವಹಾರದಲ್ಲಿ ‘ಪೋಸ್ಟ್’ ಎಂಬ ಹೆಸರು ನಿಂತಿದೆ. ಪ್ರಕೃತ ಲೇಖನದಲ್ಲಿ ಅವುಗಳನ್ನು ‘ಜಾಲಲೇಖ’ಗಳೆಂದು ಕರೆಯಲಾಗುವುದು. ಅಮೆರಿಕ, ಇಂಗ್ಲೆಂಡು, ರಷ್ಯಾ, ಇಸ್ರೇಲು, ಜರ್ಮನಿ ಮುಂತಾದ ದೇಶಗಳಲ್ಲಿ ಈ ಬಗೆಯ ಕಥನಗಳು ಹುಟ್ಟಿ, ಬಹುಸಂಖ್ಯೆಯ ಓದುಗರನ್ನು ಆಕರ್ಷಿಸಿರುವುವು. ‘ಆ ಕಾಲದಲ್ಲಿ ಜಾಲತಾಣವಿದ್ದಿದ್ದರೆ ಇಂತಹ ಅರಸನು ಏನು ಬರೆಯುತ್ತಿದ್ದನು?’ ಎಂದು ವಿದ್ಯಾರ್ಥಿಗಳಿಂದ ಬರೆಯಿಸುವುದು ಉಪಾಧ್ಯಾಯರಿಗೂ ಸುಲಭವಾದ ಅಭ್ಯಾಸವಾಗಿ ತೋರುವುದು ಸಹಜ.

ಇದನ್ನು ಬಾಲಕ್ರೀಡೆಯೆಂದು ವಿದ್ವಾಂಸರು ಉಪೇಕ್ಷಿಸುವುದು ಯುಕ್ತವಲ್ಲ. ಹಿಂದಿನವರು ಕಥೆಯನ್ನು ಪುರಾಣಿಕರ ಬಾಯಿಂದಲೂ ನಾಟಕದಿಂದಲೂ ಮೊದಲು ತಿಳಿದು, ಅನಂತರ ಗ್ರಂಥಗಳಿಗೆ ಬರುತ್ತಿದ್ದರು. ಇಂದಿನ ತರುಣರಲ್ಲಿ ಅನೇಕರಿಗೆ ಪೂರ್ವಚರಿತ್ರೆಯ ಪ್ರಥಮ ದರ್ಶನವಾಗುವುದು ಕೈಯಲ್ಲಿ ಹಿಡಿದ ದೂರವಾಣಿಯ ಪುಟ್ಟ ಫಲಕದಲ್ಲಿ. ಪ್ರಥಮ ಸಂಸ್ಕಾರವು ಬಲವತ್ತರವಾದುದರಿಂದ, ಅಲ್ಲಿ ಕಂಡುದು ನಿಜವೋ ಕಲ್ಪಿತವೋ ಎಂಬ ವಿವೇಕವು ಅಲ್ಲಿಯೇ ಹುಟ್ಟದಿದ್ದರೆ ಮುಂದೆ ಹುಟ್ಟಿಸುವುದು ಕಷ್ಟ. ಆದುದರಿಂದ ಈ ಕಥನಪದ್ಧತಿಯ ಸ್ವರೂಪವೇನು, ಇದರಿಂದಾಗುವ ಲಾಭವೇನು, ಯಾವ ಕಟ್ಟುಪಾಡಿನಲ್ಲಿ ಇದ್ದರೆ ಇದು ಇತಿಹಾಸವೆನಿಸಿಕೊಳ್ಳುವುದು ಎಂಬ ಮೂರು ಪ್ರಶ್ನೆಗಳನ್ನು ಇಲ್ಲಿ ಯಥಾಮತಿ ವಿಚಾರಿಸಲಾಗುವುದು.

೨

‘ಇತಿಹಾಸ’ ಎಂಬ ಶಬ್ದವನ್ನು ಇತಿ, ಹ, ಆಸ ಎಂದು ಬಿಡಿಸಿ, ‘ಹೀಗೆ ಇದ್ದಿತಷ್ಟೆ’ ಎಂದು ಅರ್ಥಹೇಳುವುದು ಸಂಪ್ರದಾಯ. ಇವುಗಳಲ್ಲಿ ‘ಆಸ’ ಎಂಬುದು ಲಿಟ್ ಲಕಾರದ ರೂಪ. (ಪಾಣಿನೀಯರ ಮತದಲ್ಲಿ ಲಿಟ್ಟಿನಲ್ಲಿ ಅಸ್ ಧಾತುವಿಗೆ ಭೂ ಆದೇಶವಾಗಬೇಕಾದುದರಿಂದ ಈ ರೂಪದ ವಿಷಯದಲ್ಲಿ ಚರ್ಚೆಯುಂಟು, ಅದು ಇಲ್ಲಿಗೆ ಅಪ್ರಕೃತ.) ಈ ದಿನದ್ದಲ್ಲದ, ಮತ್ತು ಹೇಳುವವನ ಕಣ್ಣಿಗೆ ಪರೋಕ್ಷವಾದ ಭೂತಕಾಲಕ್ಕೆ ಲಿಟ್ ಸಲ್ಲುತ್ತದೆಂಬುದು ವೈಯಾಕರಣರ ನಿಯಮ. ಎಂದರೆ ‘ನಾನು ಕಂಡುದಲ್ಲ, ಕೇಳಿ ತಿಳಿದುದು’ ಎಂಬ ಒಪ್ಪಿಗೆಯು ಇತಿಹಾಸವೆಂಬ ಹೆಸರಿನಲ್ಲಿಯೇ ಅಡಗಿದೆ. ಈ ಒಪ್ಪಿಗೆಯೇ ಇತಿಹಾಸಕಾರನ ಪ್ರಾಮಾಣಿಕತೆಗೆ ಮೂಲ.

ದಿನಚರಿಯನ್ನು ಬರೆಯುವವನ ಸ್ಥಿತಿ ಬೇರೆ. ಸಂಜೆ ದೀಪದ ಮುಂದೆ ಕುಳಿತು ಬೆಳಗಿನಿಂದ ಕಂಡುದನ್ನು ಬರೆಯುವವನು ಹೇಳುವುದು ಅದ್ಯತನಭೂತವನ್ನು. ಅದಕ್ಕೆ ಲುಙ್ ಸಲ್ಲುತ್ತದೆ. ಜಾಲಲೇಖವು ಇನ್ನೂ ಒಂದು ಹೆಜ್ಜೆ ಹತ್ತಿರ ಬಂದು, ‘ಹೊಗೆ ಏಳುತ್ತಿದೆ, ಜನ ಓಡುತ್ತಿದ್ದಾರೆ’ ಎಂದು ವರ್ತಮಾನದಲ್ಲಿ, ಎಂದರೆ ಲಟ್ಟಿನಲ್ಲಿ ಮಾತನಾಡುತ್ತದೆ. ಹೀಗೆ ಲಿಟ್ಟಿಗೆ ಸೇರಿದ ವಸ್ತುವನ್ನು ಲಟ್ಟಿನಲ್ಲಿ ಹೇಳುವುದೇ ನಮ್ಮ ಮುಂದಿರುವ ಪದ್ಧತಿಯ ಲಕ್ಷಣ.

ಇದು ಭಾಷೆಗೆ ಅಪರಿಚಿತವಾದ ವ್ಯವಹಾರವೇನೂ ಅಲ್ಲ. ‘ಸ್ಮ’ ಎಂಬ ನಿಪಾತವು ಜೊತೆಗಿದ್ದರೆ ಭೂತಾರ್ಥದಲ್ಲಿಯೂ ಲಟ್ ಬರಬಹುದೆಂದು ಪಾಣಿನಿಯೇ ವಿಧಿಸಿದ್ದಾನೆ. ಕ್ರಿಯಾಪದದ ರೂಪವು ವರ್ತಮಾನದ್ದು. ಪಕ್ಕದಲ್ಲಿರುವ ಒಂದಕ್ಷರದ ನಿಪಾತವು ‘ಇದು ಹಿಂದಿನದು’ ಎಂದು ಕೇಳುವವನಿಗೆ ತಿಳಿಸುತ್ತಿರುತ್ತದೆ. ಕಥೆಯ ಸಜೀವತೆಗೂ ಭಂಗವಿಲ್ಲ, ಕೇಳುವವನ ವಿವೇಕಕ್ಕೂ ಭಂಗವಿಲ್ಲ. ಜಾಲಲೇಖಗಳಲ್ಲಿ ಇತಿಹಾಸವನ್ನು ಹೇಳುವವರು ಈ ‘ಸ್ಮ’ವನ್ನು ಉಳಿಸಿಕೊಂಡಿದ್ದಾರೆಯೋ ಬಿಟ್ಟಿದ್ದಾರೆಯೋ ಎಂಬುದನ್ನು ನೋಡಿ ಅವರ ಕಾರ್ಯದ ಬೆಲೆಯನ್ನು ಕಟ್ಟಬೇಕೆಂಬುದು ಈ ಲೇಖನದ ಪ್ರತಿಜ್ಞೆ. ಕೆಲವು ಉದಾಹರಣೆಗಳನ್ನು ಪರೀಕ್ಷಿಸೋಣ.

೩

ಮೊದಲು, ಮೂಲಲೇಖಕನ ಮಾತನ್ನೇ ಬಳಸಿದ ಕಥನಗಳು. ಅಮೆರಿಕದ ಬಾಸ್ಟನ್ ನಗರದಲ್ಲಿ ೧೭೯೧ರಲ್ಲಿ ಸ್ಥಾಪಿತವಾದ ಮ್ಯಾಸಚೂಸೆಟ್ಸ್ ಇತಿಹಾಸ ಸಂಘದ ಬಳಿ ಜಾನ್ ಕ್ವಿನ್ಸಿ ಆಡಮ್ಸನ ದಿನಚರಿಗಳಿವೆ. ಈತನು ೧೮೨೫ರಿಂದ ೧೮೨೯ರವರೆಗೆ ಆ ದೇಶದ ಅಧ್ಯಕ್ಷನಾಗಿದ್ದವನು. ೧೮೦೯ನೆಯ ಆಗಸ್ಟ್ ೫ರಂದು ರಷ್ಯಾ ದೇಶಕ್ಕೆ ರಾಯಭಾರಿಯಾಗಿ ಹಡಗನ್ನೇರಿದಾಗ ಈತನು ವಿಸ್ತಾರವಾದ ದಿನಚರಿಯ ಜೊತೆಗೆ, ದಿನಕ್ಕೊಂದು ಸಾಲಿನ ಸಂಕ್ಷಿಪ್ತ ದಿನಚರಿಯನ್ನೂ ಬರೆಯುತ್ತಿದ್ದನು. ಸರಿಯಾಗಿ ಇನ್ನೂರು ವರ್ಷಗಳ ಬಳಿಕ, ೨೦೦೯ನೆಯ ಆಗಸ್ಟ್ ೫ರಿಂದ, ಸಂಘದವರು ಆ ಒಂದೊಂದು ಸಾಲನ್ನು ಆಯಾ ದಿನವೇ ಟ್ವಿಟರ್ ಜಾಲತಾಣದಲ್ಲಿ ಪ್ರಕಟಿಸತೊಡಗಿದರು. ಆಗ ಅಲ್ಲಿ ಒಂದು ಲೇಖಕ್ಕೆ ೧೪೦ ಅಕ್ಷರಗಳ ಮಿತಿಯಿದ್ದಿತು. ಆಡಮ್ಸನ ಸಾಲುಗಳು ಆ ಮಿತಿಗೆ ತಾವಾಗಿಯೇ ಹೊಂದಿಕೊಂಡುವು. ಗಾಳಿ, ಓದಿದ ಪುಸ್ತಕ, ಹಡಗಿದ್ದ ಸ್ಥಾನ, ಇಷ್ಟೇ ವಿಷಯ. ಹಡಗು ಪೀಟರ್ಸ್‌ಬರ್ಗನ್ನು ಸೇರಲು ಎರಡೂವರೆ ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯಿತು. ಓದುಗನೂ ಅಷ್ಟು ಕಾಲ ಕಾಯಬೇಕಾಯಿತು. ಚರಿತ್ರಗ್ರಂಥದಲ್ಲಿ ‘ಆಡಮ್ಸನು ರಷ್ಯಾಕ್ಕೆ ಹೋದನು’ ಎಂಬ ಮೂರು ಪದಗಳಲ್ಲಿ ಮುಗಿಯುವ ಸಂಗತಿಯ ನಿಜವಾದ ಕಾಲಪ್ರಮಾಣವು ಹೀಗೆ ಅನುಭವಕ್ಕೆ ಬಂದಿತು. ಇದು ಗ್ರಂಥದಿಂದ ದೊರೆಯದ ಲಾಭ.

ಇಂಗ್ಲೆಂಡಿನ ನೌಕಾಸೇನೆಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸನು ೧೬೬೦ನೆಯ ಜನವರಿ ೧ರಿಂದ ೧೬೬೯ನೆಯ ಮೇ ೩೧ರವರೆಗೆ ಸಂಕ್ಷಿಪ್ತಲಿಪಿಯಲ್ಲಿ ಬರೆದಿಟ್ಟ ದಿನಚರಿಯೂ ೨೦೦೩ನೆಯ ಜನವರಿ ೧ರಿಂದ ದಿನಕ್ಕೊಂದರಂತೆ ಅಂತರ್ಜಾಲದಲ್ಲಿ ಪ್ರಕಟವಾಯಿತು. ಓದುಗರು ಪ್ರತಿದಿನದ ಬರಹದ ಕೆಳಗೆ ಟಿಪ್ಪಣಿಗಳನ್ನು ಸೇರಿಸುತ್ತ ಹೋದುದರಿಂದ, ಮೂಲದ ಸುತ್ತ ಒಂದು ಬೃಹದ್ವ್ಯಾಖ್ಯಾನವೇ ಬೆಳೆಯಿತು. ಮೂಲವೂ ವ್ಯಾಖ್ಯಾನವೂ ಒಂದೇ ಪುಟದಲ್ಲಿದ್ದರೂ ಬೇರೆಬೇರೆಯಾಗಿ ಕಾಣುತ್ತವೆ. ಒಂದು ಮತ್ತೊಂದರ ಬಾಯಿಂದ ಮಾತನಾಡುವುದಿಲ್ಲ. ನಮ್ಮ ಭಾಷ್ಯಪರಂಪರೆಯನ್ನು ಬಲ್ಲವರಿಗೆ ಈ ಕ್ರಮವು ಹೊಸದಲ್ಲ.

ರಷ್ಯಾದಲ್ಲಿ ಪತ್ರಿಕೋದ್ಯಮಿ ಮಿಖಾಯಿಲ್ ಜೈಗಾರ್ ಮತ್ತು ಆತನ ಸಂಗಡಿಗರು ೨೦೧೬ರ ನವೆಂಬರಿನಲ್ಲಿ ಆರಂಭಿಸಿದ ‘ಪ್ರಾಜೆಕ್ಟ್ ೧೯೧೭’ ಎಂಬುದು ಇದಕ್ಕಿಂತಲೂ ದೊಡ್ಡ ಯತ್ನ. ಕ್ರಾಂತಿಯ ವರ್ಷವಾದ ೧೯೧೭ರ ವ್ಯಕ್ತಿಗಳ ಕಾಗದ, ದಿನಚರಿ, ಸ್ಮೃತಿಗ್ರಂಥ, ವೃತ್ತಪತ್ರಿಕೆಗಳಿಂದ ಆರಿಸಿದ ಮಾತುಗಳನ್ನು, ಅವರೆಲ್ಲರೂ ಒಂದೇ ಜಾಲತಾಣದ ಸದಸ್ಯರೋ ಎಂಬಂತೆ ದಿನಕ್ರಮವಾಗಿ ಇಲ್ಲಿ ಜೋಡಿಸಿದರು. ಅರಸನು ಹವೆಯನ್ನೂ ತನ್ನ ಸಂಚಾರವನ್ನೂ ಕುರಿತು ಬರೆಯುತ್ತಿರುವಾಗ ರಾಜಧಾನಿಯಲ್ಲಿದ್ದವರು ಬೀದಿಯ ಗಲಭೆಯನ್ನು ಕುರಿತು ಬರೆಯುತ್ತಿರುತ್ತಾರೆ. ಇವರಲ್ಲಿ ಯಾರಿಗೂ ನಾಳೆ ಏನಾಗುವುದೆಂದು ತಿಳಿಯದು. ಫಲವನ್ನು ಬಲ್ಲ ಇತಿಹಾಸಕಾರನು ಕಾರಣಗಳನ್ನು ಸಾಲಾಗಿ ನಿಲ್ಲಿಸಿ, ನಡೆದುದೆಲ್ಲವೂ ಅನಿವಾರ್ಯವೆಂಬ ಭ್ರಾಂತಿಯನ್ನು ತನಗರಿಯದಂತೆಯೇ ಹುಟ್ಟಿಸುವುದುಂಟು. ಆ ಭ್ರಾಂತಿಗೆ ಈ ಕ್ರಮವು ಒಳ್ಳೆಯ ಔಷಧ.

ಆದರೂ ಎರಡು ಸೂಕ್ಷ್ಮಗಳನ್ನು ಮರೆಯಲಾಗದು. ಮೊದಲನೆಯದು ಕಾಲಗಣನೆ. ರಷ್ಯಾದಲ್ಲಿ ಆಗ ಜೂಲಿಯನ್ ಪಂಚಾಂಗವಿದ್ದುದರಿಂದ, ಎರಡನೆಯ ನಿಕೊಲಾಸನು ಸಿಂಹಾಸನವನ್ನು ತ್ಯಜಿಸಿದ ದಿನವು ಅಲ್ಲಿ ಮಾರ್ಚ್ ೨, ಇತರ ಯೂರೋಪಿನಲ್ಲಿ ಮಾರ್ಚ್ ೧೫. ಪೀಪ್ಸನ ಇಂಗ್ಲೆಂಡಿನಲ್ಲಿಯೂ ಹತ್ತು ದಿನಗಳ ವ್ಯತ್ಯಾಸವಿದ್ದಿತು. ‘ಇದೇ ದಿನ’ ಎಂಬ ಮಾತು ಯಾವ ಪಂಚಾಂಗದ ದಿನವೆಂದು ಹೇಳದ ಹೊರತು ಅಸ್ಥಿರವಾದುದು. ಎರಡನೆಯದು, ದಿನಚರಿಯೆಲ್ಲವೂ ಅದ್ಯತನವಲ್ಲ. ಪೀಪ್ಸನು ಅನೇಕ ವೇಳೆ ಗುರುತುಚೀಟಿಗಳನ್ನಿಟ್ಟುಕೊಂಡು ಕೆಲವು ದಿನಗಳ ಬರಹವನ್ನು ಒಟ್ಟಿಗೆ ಬರೆದುದುಂಟು. ಸ್ಮೃತಿಗ್ರಂಥಗಳಂತೂ ಎಷ್ಟೋ ವರ್ಷಗಳ ಬಳಿಕ, ಫಲವನ್ನು ಕಂಡಮೇಲೆ ಬರೆದವು. ಅವುಗಳಿಂದ ಆರಿಸಿದ ವಾಕ್ಯವನ್ನು ಅಂದಿನ ದಿನಾಂಕದ ಕೆಳಗೆ ನಿಲ್ಲಿಸಿದರೆ, ಮಾತು ಸತ್ಯವಾದರೂ ಕಾಲವು ಅಸತ್ಯವಾಗುತ್ತದೆ.

೪

ಇನ್ನು, ನಿರೂಪಕನು ತಾನೇ ಮಾತನ್ನು ಕಟ್ಟಿದ ಕಥನಗಳು. ಆಕ್ಸ್‌ಫರ್ಡಿನಲ್ಲಿ ಇತಿಹಾಸವನ್ನು ಓದಿದ ಆಲ್ವಿನ್ ಕಾಲಿನ್ಸನ್ ಎಂಬಾತನು ೨೦೧೧ರಲ್ಲಿ, ೧೯೩೯ರ ಎರಡನೆಯ ಮಹಾಯುದ್ಧದ ವಾರ್ತೆಗಳನ್ನು ಅದೇ ದಿನ, ಅದೇ ವೇಳೆಗೆ ಹೊಂದಿಸಿ ಟ್ವಿಟರಿನಲ್ಲಿ ಬರೆಯತೊಡಗಿದನು. ಇಲ್ಲಿ ವಾಕ್ಯಗಳು ನಿರೂಪಕನವು; ಸಂಗತಿಗಳು ಪ್ರಮಾಣಸಿದ್ಧ. ಈತನು ಯಾವ ಮೃತವ್ಯಕ್ತಿಯ ವೇಷವನ್ನೂ ಹಾಕದೆ, ವಾರ್ತಾಹರನ ಸ್ಥಾನದಲ್ಲಿ ನಿಂತುದರಿಂದ ಅಪಾಯವು ಕಡಮೆ.

೨೦೧೯ನೆಯ ಮೇ ತಿಂಗಳ ಮೊದಲಲ್ಲಿ, ಇಸ್ರೇಲಿನಲ್ಲಿ ಯಹೂದ್ಯರ ಸಾಮೂಹಿಕ ಹತ್ಯೆಯ ಸ್ಮರಣೆಯ ದಿನದ ಸಂದರ್ಭದಲ್ಲಿ, ಮತಿ ಕೊಖಾವಿ ಮತ್ತು ಆತನ ಮಗಳು ಮಾಯಾ ಕೊಖಾವಿ ಇವರು ಇನ್‌ಸ್ಟಾಗ್ರಾಮಿನಲ್ಲಿ ಈವಾ ಹೇಮನ್ ಎಂಬ ಬಾಲಿಕೆಯ ಕಥೆಯನ್ನು ಕಿರುಚಿತ್ರಗಳ ಮಾಲೆಯಾಗಿ ಪ್ರಕಟಿಸಿದರು. ಈವಾ ಆಗ ಹಂಗೇರಿಗೆ ಸೇರಿದ್ದ ನಾಜ್ವಾರದ್ ಪಟ್ಟಣದವಳು. ತನ್ನ ಹದಿಮೂರನೆಯ ಹುಟ್ಟಿದ ದಿನವಾದ ೧೯೪೪ನೆಯ ಫೆಬ್ರವರಿ ೧೩ರಿಂದ ಮೇ ೩೦ರವರೆಗೆ ದಿನಚರಿಯನ್ನು ಬರೆದಳು. ಮಾರ್ಚ್ ೧೯ರಂದು ಜರ್ಮನ್ ಸೈನ್ಯವು ಹಂಗೇರಿಯನ್ನು ಹೊಕ್ಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಕೆಯು ಔಷ್‌ವಿಟ್ಸ್ ಶಿಬಿರದಲ್ಲಿ ಕೊಲ್ಲಲ್ಪಟ್ಟಳು. ‘ಆ ಹುಡುಗಿಯ ಕೈಯಲ್ಲಿ ಈಗಿನಂತೆ ದೂರವಾಣಿಯಿದ್ದಿದ್ದರೆ?’ ಎಂಬ ಕಲ್ಪನೆಯ ಮೇಲೆ ನಟಿಯೊಬ್ಬಳು ಆಕೆಯಾಗಿ ಅಭಿನಯಿಸಿದಳು. ದೂರವಾಣಿಯ ಕಲ್ಪನೆಯು ಸ್ಪಷ್ಟವಾಗಿ ಅಸಂಭವವಾದುದರಿಂದ ಅದೇ ಒಂದು ಬಗೆಯ ‘ಸ್ಮ’ವಾಗಿ ನಿಲ್ಲುತ್ತದೆಂದು ಹೇಳಬಹುದು. ಆದರೆ ಅದರ ಹಿಂದೆ ಮತ್ತೊಂದು ಪದರವಿದೆ. ಆ ದಿನಚರಿಯನ್ನು ಪ್ರಕಟಿಸಿದವಳು ಬದುಕುಳಿದ ತಾಯಿ. ಅದರಲ್ಲಿ ತಾಯಿಯ ಕೈ ಎಷ್ಟೆಂಬ ಪ್ರಶ್ನೆಯನ್ನು ವಿದ್ವಾಂಸರು ಎತ್ತಿದ್ದಾರೆ. ನಟಿಯ ಹಿಂದೆ ದಿನಚರಿ, ದಿನಚರಿಯ ಹಿಂದೆ ತಾಯಿ, ತಾಯಿಯ ಹಿಂದೆ ಮಗಳು. ಫಲಕದ ಮೇಲೆ ಇವೆಲ್ಲವೂ ಒಂದೇ ಮುಖವಾಗಿ ಕಾಣುತ್ತವೆ.

ಜರ್ಮನಿಯ ಎರಡು ಸಾರ್ವಜನಿಕ ಪ್ರಸಾರಸಂಸ್ಥೆಗಳು ೨೦೨೧ರ ಮೇ ತಿಂಗಳಿನಿಂದ ೨೦೨೨ರ ಫೆಬ್ರವರಿಯವರೆಗೆ ಸೋಫಿ ಶೋಲಳ ಜೀವಿತದ ಕಡೆಯ ತಿಂಗಳುಗಳನ್ನು ಇದೇ ರೀತಿ ನಿರೂಪಿಸಿದುವು. ‘ಬಿಳಿಯ ಗುಲಾಬಿ’ ಎಂಬ ಪ್ರತಿಭಟನೆಯ ಕೂಟಕ್ಕೆ ಸೇರಿದ್ದ ಈ ವಿದ್ಯಾರ್ಥಿನಿಯನ್ನು ೧೯೪೩ನೆಯ ಫೆಬ್ರವರಿ ೧೮ರಂದು ಮ್ಯೂನಿಕ್ ವಿಶ್ವವಿದ್ಯಾನಿಲಯದಲ್ಲಿ ಹಿಡಿದು, ೨೨ರಂದು ಶಿರಚ್ಛೇದ ಮಾಡಿದರು. ಆಗ ಆಕೆಗೆ ಇಪ್ಪತ್ತೊಂದು ವರ್ಷ. ಆಕೆಯ ಕಾಗದಗಳು ಉಳಿದಿವೆ. ಆದರೆ ಈ ಕಥನದಲ್ಲಿ ಕಾಗದದ ಮಾತೂ ಕಲ್ಪಿತವಾದ ಮಾತೂ ಒಂದೇ ಧ್ವನಿಯಲ್ಲಿ ಬೆರೆತುಹೋದುವು. ಅದಕ್ಕಿಂತ ಹೆಚ್ಚಾಗಿ, ಇಂದಿನ ಓದುಗರು ಕೇಳಿದ ಪ್ರಶ್ನೆಗಳಿಗೆ ಸೋಫಿಯ ಹೆಸರಿನಲ್ಲಿಯೇ ಉತ್ತರಗಳನ್ನು ಕೊಡಲಾಯಿತು. ಯಾವುದು ಪ್ರಮಾಣ, ಯಾವುದು ಕಲ್ಪನೆ ಎಂದು ಓದುಗನಿಗೆ ತಿಳಿಯದೆಂದು ಆ ದೇಶದಲ್ಲಿಯೇ ತೀವ್ರವಾದ ಆಕ್ಷೇಪಗಳು ಎದ್ದುವು. ತನ್ನ ಮಾತಿಗಾಗಿ ತಲೆಯನ್ನು ಕೊಟ್ಟವಳ ಬಾಯಿಗೆ ಆಕೆಯದಲ್ಲದ ಮಾತನ್ನು ಇಡುವಾಗ ಸಂಕೋಚವಿರಬೇಡವೆ? ಇಲ್ಲಿ ‘ಸ್ಮ’ವು ಪೂರ್ತಿಯಾಗಿ ಲೋಪವಾಯಿತು.

೫

ಕಲ್ಪನೆಯೇ ದೋಷವೆಂದು ಇದರಿಂದ ತಿಳಿಯಬಾರದು. ನಮ್ಮ ಆಲಂಕಾರಿಕರು ಕಲ್ಪನೆಗೆ ಸ್ಥಾನವನ್ನು ಕೊಟ್ಟೇ ಶಾಸ್ತ್ರವನ್ನು ರಚಿಸಿದ್ದಾರೆ. ಹತ್ತನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ನಾಟಕವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರು ಬಗೆಯಾಗಿ ವಿಂಗಡಿಸಿದನು. ಇತಿಹಾಸಾದಿಗಳಿಂದ ಬಂದುದು ಪ್ರಖ್ಯಾತ, ಕವಿಯು ಕಲ್ಪಿಸಿದುದು ಉತ್ಪಾದ್ಯ, ಎರಡೂ ಸೇರಿದುದು ಮಿಶ್ರ. ಆಡಮ್ಸನ ಸಾಲುಗಳು ಪ್ರಖ್ಯಾತ. ಸೋಫಿಯ ಕಥನವು ಮಿಶ್ರ. ಮಿಶ್ರವಾಗಿರುವುದು ತಪ್ಪಲ್ಲ, ಮಿಶ್ರವಾದುದು ಪ್ರಖ್ಯಾತದ ವೇಷದಲ್ಲಿ ಬರುವುದು ತಪ್ಪು.

ನಾಟಕದಲ್ಲಿ ಈ ವೇಷವು ಯಾರನ್ನೂ ವಂಚಿಸದಿರುವುದಕ್ಕೆ ಕಾರಣವುಂಟು. ವಿಶಾಖದತ್ತನ ಮುದ್ರಾರಾಕ್ಷಸದಲ್ಲಿ ಚಾಣಕ್ಯನು ರಂಗಕ್ಕೆ ಬಂದು ವರ್ತಮಾನದಲ್ಲಿಯೇ ಮಾತನಾಡುತ್ತಾನೆ. ಆದರೆ ಅದಕ್ಕೆ ಮೊದಲು ಸೂತ್ರಧಾರನು ಬಂದು, ಇದು ಇಂತಹ ಕವಿಯ ಕೃತಿ, ಇದನ್ನು ಈಗ ಆಡುತ್ತೇವೆ ಎಂದು ಸಭೆಗೆ ಬಿನ್ನವಿಸಿರುತ್ತಾನೆ. ಸಭಿಕನು ರಸಾನುಭವದಲ್ಲಿ ಎಷ್ಟು ಮುಳುಗಿದರೂ ಪ್ರಸ್ತಾವನೆಯ ಸಂಸ್ಕಾರವು ಅವನನ್ನು ಬಿಡದು. ಜಾಲಲೇಖದ ಕೊರತೆಯಿರುವುದು ಇಲ್ಲಿಯೇ. ಅದು ಬಿಡಿಬಿಡಿಯಾಗಿ ಹರಡುತ್ತದೆ. ಮೊದಲ ದಿನದ ಲೇಖದಲ್ಲಿ ‘ಇದು ಕಲ್ಪಿತ ಕಥನ’ ಎಂದು ಬರೆದಿದ್ದರೂ, ನೂರನೆಯ ದಿನದ ಲೇಖವನ್ನು ಮಾತ್ರ ಕಂಡವನಿಗೆ ಆ ಪ್ರಸ್ತಾವನೆಯು ತಲುಪುವುದಿಲ್ಲ. ಆದುದರಿಂದ ಇಲ್ಲಿ ಸೂತ್ರಧಾರನು ಆರಂಭದಲ್ಲಿ ಒಮ್ಮೆ ಬಂದುಹೋದರೆ ಸಾಲದು. ಪ್ರತಿಯೊಂದು ಲೇಖದಲ್ಲಿಯೂ ಇರಬೇಕು.

೬

ನಮ್ಮ ನಾಡಿನ ಚರಿತ್ರೆಯಲ್ಲಿ ಈ ಪದ್ಧತಿಯನ್ನು ಅನುಸರಿಸುವುದಾದರೆ ಏನಾಗುವುದೆಂದು ಎರಡು ನಿದರ್ಶನಗಳಿಂದ ನೋಡಬಹುದು.

ಅಶೋಕನ ಶಾಸನಗಳು ಅರಸನು ತನ್ನ ಪ್ರಜೆಗಳನ್ನು ಕುರಿತು ಹೇಳಿಸಿದ ಮಾತುಗಳಾದುದರಿಂದ, ಜಾಲಲೇಖಕ್ಕೆ ಒಪ್ಪುವ ಸಾಮಗ್ರಿಯೆಂದು ಮೊದಲ ನೋಟಕ್ಕೆ ತೋರುತ್ತದೆ. ವಿದ್ಯಾರ್ಥಿಯೊಬ್ಬನು ಕಳಿಂಗಯುದ್ಧದ ಸಂಜೆಯ ದಿನಾಂಕವನ್ನು ಹಾಕಿ ಅಶೋಕನ ಪಶ್ಚಾತ್ತಾಪವನ್ನು ಬರೆದಾನು. ಆದರೆ ಆ ಯುದ್ಧವು ನಡೆದುದು ಅಶೋಕನ ಪಟ್ಟಾಭಿಷೇಕದ ಎಂಟು ವರ್ಷಗಳ ಬಳಿಕ. ಪಶ್ಚಾತ್ತಾಪವನ್ನು ಹೇಳುವ ಹದಿಮೂರನೆಯ ಶಿಲಾಶಾಸನವು ಅದಕ್ಕೂ ಕೆಲವು ವರ್ಷಗಳ ಈಚಿನದು. ಯುದ್ಧದ ಸಂಜೆ ಅವನ ಮನಸ್ಸಿನಲ್ಲಿ ಏನಿದ್ದಿತೆಂಬುದಕ್ಕೆ ಪ್ರಮಾಣವಿಲ್ಲ. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಕಳಿಂಗದೇಶದ ಧೌಲಿ ಮತ್ತು ಜೌಗಡಗಳಲ್ಲಿ ಈ ಹದಿಮೂರನೆಯ ಶಾಸನವು ಇಲ್ಲ. ಅದರ ಬದಲು ಅಧಿಕಾರಿಗಳನ್ನು ಕುರಿತ ಪ್ರತ್ಯೇಕ ಶಾಸನಗಳಿವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ೧೯೮೯ರಲ್ಲಿ ದೊರೆತ ಶಿಲೆಯಲ್ಲಿಯೂ ಈ ಪ್ರತ್ಯೇಕ ಶಾಸನಗಳು ಕಾಣಬಂದಿವೆ. ಯಾರಿಗೆ ಯಾವ ಮಾತನ್ನು ಹೇಳಬೇಕು, ಯಾರಿಗೆ ಹೇಳಬಾರದು ಎಂಬ ಎಣಿಕೆ ಅಂದೂ ಇದ್ದಿತೆಂದು ಇದರಿಂದ ಊಹಿಸಬಹುದು. ಎಲ್ಲರಿಗೂ ಒಂದೇ ಲೇಖವನ್ನು ಕಳುಹಿಸುವ ಅಶೋಕನನ್ನು ಕಲ್ಪಿಸಿದರೆ ಈ ಸೂಕ್ಷ್ಮವೆಲ್ಲವೂ ಅಳಿಸಿಹೋಗುತ್ತದೆ.

ಎರಡನೆಯದು ೧೫೬೫ನೆಯ ಜನವರಿ ೨೩ರಂದು ನಡೆದುದೆಂದು ಸಾಮಾನ್ಯವಾಗಿ ಹೇಳುವ ಯುದ್ಧ. ಇದು ಜೂಲಿಯನ್ ಪಂಚಾಂಗದ ದಿನ. ಗ್ರೆಗೋರಿಯನ್ ಪದ್ಧತಿಯು ಬಂದುದು ೧೫೮೨ರಲ್ಲಿ. ಈಗಿನ ಎಣಿಕೆಯಲ್ಲಿ ಅದು ಫೆಬ್ರವರಿ ೨ ಆಗುವುದು. ‘ಇಂದು ತಾಳಿಕೋಟೆಯ ಯುದ್ಧ ನಡೆಯುತ್ತಿದೆ’ ಎಂದು ಬರೆಯುವ ಹಾಗಿಲ್ಲ. ತಾಳಿಕೋಟೆಯು ಸುಲ್ತಾನರ ಸೈನ್ಯಗಳು ಬಂದು ಸೇರಿದ ಸ್ಥಳ, ಕಾದಾಟವು ಅಲ್ಲಿಂದ ದೂರದಲ್ಲಿ ಕೃಷ್ಣಾತೀರದ ಕಡೆಗೆ ನಡೆಯಿತು. ಆ ಹೆಸರೂ, ರಕ್ಕಸತಂಗಡಗಿ, ಬನ್ನಿಹಟ್ಟಿ ಎಂಬ ಇತರ ಹೆಸರುಗಳೂ ಯುದ್ಧವು ಮುಗಿದ ಮೇಲೆ ಹೇಳುವವರು ಕೊಟ್ಟವು. ‘ವಿಜಯನಗರ ಸಾಮ್ರಾಜ್ಯವು ಮುಗಿಯಿತು’ ಎಂದೂ ಅಂದು ಬರೆಯುವಂತಿಲ್ಲ. ರಾಮರಾಯನು ರಣದಲ್ಲಿ ಹತನಾದರೂ, ಅವನ ತಮ್ಮ ತಿರುಮಲನು ಸದಾಶಿವರಾಯನನ್ನು ಕರೆದುಕೊಂಡು ಪೆನುಗೊಂಡೆಯನ್ನು ಸೇರಿದನು. ಅರವೀಡು ವಂಶದವರು ಅನಂತರವೂ ಬಹುಕಾಲ ಆಳಿದರು. ರಾಮರಾಯನ ಸೇನೆಯ ಇಬ್ಬರು ಮುಸಲ್ಮಾನ ನಾಯಕರು ದ್ರೋಹವೆಸಗಿದರೆಂಬ ವಾರ್ತೆಯನ್ನು ಹೇಳುವವನು ವೆನಿಸಿನ ವರ್ತಕ ಚೇಸರೆ ಫೆಡರಿಚಿ. ಆತನು ವಿಜಯನಗರಕ್ಕೆ ಬಂದುದು ೧೫೬೭ರಲ್ಲಿ, ಯುದ್ಧವಾಗಿ ಎರಡು ವರ್ಷಗಳ ಮೇಲೆ. ಆದುದರಿಂದ ‘ದ್ರೋಹವಾಯಿತು’ ಎಂಬ ಜಾಲಲೇಖವನ್ನು ೧೫೬೫ರ ಸೈನಿಕನ ಹೆಸರಿನಲ್ಲಿ ಬರೆದರೆ ಕೃತಕ. ‘ಹೀಗೆಂದು ಇಲ್ಲಿ ಹೇಳುತ್ತಾರೆ’ ಎಂದು ೧೫೬೭ರ ಪ್ರವಾಸಿಯ ಹೆಸರಿನಲ್ಲಿ ಬರೆದರೆ ಪ್ರಮಾಣಕ್ಕೆ ಹತ್ತಿರ. ಫೆರಿಷ್ತಾನ ಮಾತನ್ನು ಬಳಸುವುದಾದರೆ ಅದಕ್ಕೆ ಹದಿನೇಳನೆಯ ಶತಮಾನದ ಮೊದಲ ಭಾಗದ ದಿನಾಂಕವನ್ನೇ ಹಾಕಬೇಕು. ಒಂದೇ ಯುದ್ಧದ ವಾರ್ತೆಯು ಹೀಗೆ ನಲವತ್ತು ವರ್ಷಗಳ ಮೇಲೆ ಹರಡಿಕೊಳ್ಳುತ್ತದೆ. ಹಾಗೆ ಹರಡಿ ತೋರಿಸುವುದೇ ವಿದ್ಯಾರ್ಥಿಗೆ ಪ್ರಮಾಣವಿಚಾರದ ಒಳ್ಳೆಯ ಪಾಠ.

ಇಲ್ಲಿ ಇನ್ನೊಂದು ಮಾತು ಹೇಳತಕ್ಕದ್ದಿದೆ. ಆ ರಣದಲ್ಲಿ ಸತ್ತ ಸಾಮಾನ್ಯ ಕಾಲಾಳು ಬರೆಯಲಿಲ್ಲ. ಪಟ್ಟಣವನ್ನು ಬಿಟ್ಟು ಓಡಿದ ಹೆಂಗಸು ಬರೆಯಲಿಲ್ಲ. ಬರೆದವರ ಮಾತನ್ನೇ ಜೋಡಿಸಿದರೆ ಬರೆಯದವರು ಮತ್ತೊಮ್ಮೆ ಮರೆಯಾಗುತ್ತಾರೆ. ಅವರ ಪರವಾಗಿ ನಾವು ಬರೆದರೆ ನಮ್ಮ ಮಾತು ಅವರದಾಗಿ ನಿಲ್ಲುತ್ತದೆ. ಕನ್ನಡನಾಡಿನ ವೀರಗಲ್ಲುಗಳು ತುರುಗೋಳಿನಲ್ಲಿ ಮಡಿದ ಹಳ್ಳಿಗನ ಹೆಸರನ್ನೂ ಉಳಿಸಿ ಈ ಕೊರತೆಯನ್ನು ಕೆಲಮಟ್ಟಿಗೆ ತುಂಬಿವೆ. ಆದರೆ ಅವೂ ಸಾವಿನ ಬಳಿಕ ಉಳಿದವರು ನಿಲ್ಲಿಸಿದವು. ವೀರನ ಸ್ವಂತ ಮಾತಲ್ಲ.

೭

ಮೇಲಿನ ವಿಚಾರದಿಂದ ಈ ಕಥನಕ್ಕೆ ಕೆಲವು ನಿಯಮಗಳು ಸಿದ್ಧವಾಗುತ್ತವೆ. ಒಂದು: ಪ್ರತಿಯೊಂದು ಲೇಖದಲ್ಲಿಯೂ ಮಾತು ಮೂಲದ್ದೋ ನಿರೂಪಕನದೋ ಎಂಬ ಗುರುತು ಇರಬೇಕು. ಎರಡು: ಮೂಲವನ್ನು ಬರೆದ ಕಾಲವು ಸಂಗತಿಯ ಕಾಲಕ್ಕಿಂತ ಬೇರೆಯಾಗಿದ್ದರೆ ಎರಡನ್ನೂ ಕಾಣಿಸಬೇಕು, ಪಂಚಾಂಗವನ್ನು ಹೇಳಬೇಕು. ಮೂರು: ಆ ದಿನ ಆ ಸ್ಥಳದಲ್ಲಿ ಆ ವ್ಯಕ್ತಿಗೆ ತಿಳಿದಿರಲಾರದ ಫಲವನ್ನಾಗಲಿ ಹೆಸರನ್ನಾಗಲಿ ಆತನ ಬಾಯಲ್ಲಿ ಇಡಬಾರದು. ನಾಲ್ಕು: ಪ್ರಮಾಣವಿಲ್ಲದ ದಿನವನ್ನು ಬರಿದಾಗಿಯೇ ಬಿಡಬೇಕು, ಮೌನವೂ ಒಂದು ಸಂಗತಿ. ಐದು: ಇಂದಿನವರ ಪ್ರಶ್ನೆಗೆ ಮೃತರ ಹೆಸರಿನಲ್ಲಿ ಉತ್ತರವನ್ನು ಕೊಡಬಾರದು, ನಿರೂಪಕನು ತನ್ನ ಹೆಸರಿನಲ್ಲಿಯೇ ಕೊಡಬೇಕು.

ಇಷ್ಟು ನಿಯಮಗಳಿಂದ ಕಥನದ ಸ್ವಾರಸ್ಯವು ಕೆಡುವುದೆಂದು ಶಂಕಿಸಬಹುದು. ಪೀಪ್ಸನ ದಿನಚರಿಯ ಓದುಗರು ಒಂಬತ್ತು ವರ್ಷಕ್ಕೂ ಮಿಕ್ಕಿ ದಿನದಿನವೂ ಅದನ್ನು ಹಿಂಬಾಲಿಸಿದುದೇ ಈ ಶಂಕೆಗೆ ಸಮಾಧಾನ. ಅಲ್ಲಿ ಕಲ್ಪಿತವಾದುದು ಏನೂ ಇರಲಿಲ್ಲ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಇಂತಹ ಲೇಖಗಳನ್ನು ಬರೆಯಿಸುವಾಗ, ಪ್ರತಿಯೊಂದರ ಕೆಳಗೆ ‘ಇದು ನನಗೆ ಹೇಗೆ ತಿಳಿಯಿತು’ ಎಂಬ ಒಂದು ಸಾಲನ್ನೂ ಬರೆಯಿಸಿದರೆ ಸಾಕು. ವರ್ತಮಾನದ ಕ್ರಿಯಾಪದದ ಪಕ್ಕದಲ್ಲಿ ‘ಸ್ಮ’ವು ಮಾಡುವ ಕಾರ್ಯವನ್ನು ಆ ಒಂದು ಸಾಲು ಮಾಡುವುದು. ಈ ವಿಷಯವನ್ನು ಶಾಸನಜ್ಞರೂ ಅಧ್ಯಾಪಕರೂ ತಮ್ಮ ತಮ್ಮ ಅನುಭವದಿಂದ ಇನ್ನೂ ವಿಸ್ತರಿಸಿ ವಿಮರ್ಶಿಸಬೇಕೆಂದು ಪ್ರಾರ್ಥನೆ.